ಬೆಕ್ಕಿನ ಕಿವಿನೋವು ಮತ್ತೆ ಮತ್ತೆ ಮರಳುವುದೇಕೆ?

ಬೆಕ್ಕಿನ ಕಿವಿಗೆ ಡ್ರಾಪ್ಸ್ ಹಾಕಲು ಆರಂಭಿಸಿದ ಕೆಲವೇ ದಿನಗಳಲ್ಲಿ ಎಲ್ಲವೂ ಸರಿಹೋದಂತೆ ಕಾಣುತ್ತದೆ. ತಲೆ ಕೊಡವುವುದು ನಿಲ್ಲುತ್ತದೆ, ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುವುದು ಕಡಿಮೆಯಾಗುತ್ತದೆ, ತಲೆ ಮುಟ್ಟಲು ಬಿಡದಿದ್ದ ಬೆಕ್ಕು ತಾನಾಗಿಯೇ ಬಂದು ಕೆನ್ನೆ ಉಜ್ಜುತ್ತದೆ. ಆದರೆ ತಿಂಗಳೊಂದು ಕಳೆಯುವಷ್ಟರಲ್ಲಿ ಅದೇ ಕಿವಿಯಲ್ಲಿ ಅದೇ ದುರ್ವಾಸನೆ, ಅದೇ ಕಪ್ಪು ಕೊಳೆ ಮರಳುತ್ತವೆ. ಮನೆಯವರು ಕಳೆದ ಸಲ ಉಳಿದಿದ್ದ ಬಾಟಲಿಯನ್ನೇ ಹುಡುಕಿ ತೆಗೆಯುತ್ತಾರೆ. ಈ ಸುತ್ತು ವರ್ಷಗಟ್ಟಲೆ ನಡೆಯುವುದೂ ಉಂಟು. ಇಂಥ ಕಡೆ ಔಷಧಿ ಕೆಲಸ ಮಾಡುತ್ತಿಲ್ಲ ಎನ್ನುವುದಕ್ಕಿಂತ, ನೋವಿನ ಮೂಲ ಕಾರಣವನ್ನು ಯಾರೂ ಇನ್ನೂ ಹುಡುಕಿಲ್ಲ ಎನ್ನುವುದೇ ಹೆಚ್ಚು ಸರಿಯಾದೀತು.

ಆರೋಗ್ಯವಂತ ಬೆಕ್ಕಿನ ಕಿವಿಯಲ್ಲೂ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ಕಿವಿಯ ಒಳಚರ್ಮ ಒಣಗಿದ್ದು ಗಾಳಿಯಾಡುತ್ತಿರುವವರೆಗೆ ಅವುಗಳಿಂದ ಯಾವ ತೊಂದರೆಯೂ ಆಗುವುದಿಲ್ಲ. ನುಸಿ, ಅಲರ್ಜಿ, ಒಳಗೆ ಬೆಳೆದ ಗಂಟು, ಸಿಕ್ಕಿಕೊಂಡ ಹುಲ್ಲಿನ ಮೊನೆ ಹೀಗೆ ಏನಾದರೊಂದು ಆ ಚರ್ಮವನ್ನು ಕೆರಳಿಸಿದಾಗ ಅಲ್ಲಿ ಊತ ಬರುತ್ತದೆ, ಗುಗ್ಗೆ ಹೆಚ್ಚು ಒಸರುತ್ತದೆ, ತೇವ ನಿಲ್ಲುತ್ತದೆ. ಆಗ ಈ ಸೂಕ್ಷ್ಮಜೀವಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿ ಸೋಂಕಾಗುತ್ತದೆ. ಅಂದರೆ ಬೆಕ್ಕುಗಳಲ್ಲಿ ಸೋಂಕು ಬಹುಮಟ್ಟಿಗೆ ಎರಡನೆಯದಾಗಿ ಬರುವಂಥದ್ದು. ಡ್ರಾಪ್ಸ್‌ನಲ್ಲಿರುವ ಆ್ಯಂಟಿಬಯೋಟಿಕ್ ಈ ಸೋಂಕನ್ನು ತಗ್ಗಿಸುತ್ತದೆ, ಸ್ಟೆರಾಯ್ಡ್ ಊತವನ್ನು ಇಳಿಸುತ್ತದೆ. ಮೊದಲು ಕೆರಳಿಸಿದ್ದು ಹಾಗೆಯೇ ಉಳಿದಿದ್ದರೆ ಔಷಧಿ ನಿಂತ ಮೇಲೆ ಎಲ್ಲವೂ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಾಯಿಗಳಿಗೆ ಹೋಲಿಸಿದರೆ ಬೆಕ್ಕುಗಳಿಗೆ ಕಿವಿಯ ಸೋಂಕು ಬರುವುದೇ ಕಡಿಮೆ. ಆದ್ದರಿಂದಲೇ ಬೆಕ್ಕಿಗೆ ಎರಡನೆಯ ಸಲ ಕಿವಿನೋವು ಬಂದಾಗ, ಇದರ ಹಿಂದೆ ಏನೋ ಇದೆ ಎಂದೇ ಎಣಿಸಿ ಹುಡುಕಲು ಹೊರಡುವುದು ಜಾಣತನ.

ಕಿವಿಯ ಒಳರಚನೆ

ಹೊರಗೆ ಕಾಣುವ ಹಾಲೆಯಿಂದ ಕಿವಿಯ ನಾಳ ಮೊದಲು ನೇರವಾಗಿ ಕೆಳಗಿಳಿದು, ನಂತರ ತಲೆಯ ಒಳಭಾಗದ ಕಡೆಗೆ ಅಡ್ಡಲಾಗಿ ತಿರುಗುತ್ತದೆ. ಆ ತಿರುವಿನ ಆಚೆಗೆ ತೆಳುವಾದ ಕಿವಿತಮಟೆ ಇದೆ. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿದರೆ ಕಾಣುವುದು ಇಳಿಜಾರಿನ ಮೊದಲ ಭಾಗ ಮಾತ್ರ. ನಿಜವಾದ ತೊಂದರೆ ಇರುವ ಜಾಗ ಅನೇಕ ಸಲ ತಿರುವಿನ ಆಚೆಗಿರುತ್ತದೆ. ನಾಳದ ಒಳಚರ್ಮ ತಮಟೆಯ ಕಡೆಯಿಂದ ಹೊರಬಾಯಿಯ ಕಡೆಗೆ ನಿಧಾನವಾಗಿ ಸರಿಯುತ್ತಲೇ ಇರುವುದರಿಂದ ಸತ್ತ ಜೀವಕೋಶಗಳೂ ಗುಗ್ಗೆಯೂ ತಾವಾಗಿಯೇ ಹೊರಬರುತ್ತವೆ. ಆರೋಗ್ಯವಂತ ಬೆಕ್ಕಿನ ಕಿವಿಯನ್ನು ನಾವು ಶುಚಿ ಮಾಡಬೇಕಾಗಿಲ್ಲ. ಹತ್ತಿ ಸುತ್ತಿದ ಕಡ್ಡಿಯನ್ನು ಒಳಗೆ ತೂರಿಸಿದರೆ ಹೊರಬರುತ್ತಿದ್ದ ಕೊಳೆಯನ್ನು ಮತ್ತೆ ತಿರುವಿನ ಆಚೆಗೆ ತಳ್ಳಿದಂತಾಗುತ್ತದೆ, ಸೂಕ್ಷ್ಮವಾದ ಚರ್ಮ ಗೀರಿಹೋಗುವ ಅಪಾಯವೂ ಇದೆ.

ತಮಟೆಯ ಹಿಂದಿರುವುದು ಮಧ್ಯಕಿವಿ. ಅದು ತಲೆಬುರುಡೆಯ ತಳದಲ್ಲಿ ಉಬ್ಬಿಕೊಂಡಿರುವ ಟೊಳ್ಳು ಮೂಳೆಯ ಗೂಡು. ಬೆಕ್ಕಿನಲ್ಲಿ ಈ ಗೂಡನ್ನು ತೆಳುವಾದ ಮೂಳೆಯ ಗೋಡೆಯೊಂದು ಎರಡು ಕೋಣೆಗಳಾಗಿ ವಿಭಾಗಿಸುತ್ತದೆ. ಎರಡರ ನಡುವಿನ ಕಿಂಡಿ ಚಿಕ್ಕದಾದ್ದರಿಂದ ಒಂದು ಕೋಣೆಯಲ್ಲಿ ತುಂಬಿದ ಕೀವು ಸುಲಭವಾಗಿ ಬರಿದಾಗುವುದಿಲ್ಲ. ಮೇಲಿನಿಂದ ಎಷ್ಟು ಹನಿ ಔಷಧಿ ಹಾಕಿದರೂ ಅಲ್ಲಿಗೆ ತಲುಪುವುದು ಕಷ್ಟ. ಹೊರಕಿವಿ ಒಣಗಿ ಶುಭ್ರವಾಗಿ ಕಂಡರೂ ನೋವು ಮರುಕಳಿಸುವುದಕ್ಕೆ ಈ ರಚನೆಯೇ ಒಂದು ದೊಡ್ಡ ಕಾರಣ. ಈ ಗೂಡಿನ ಒಳಗೋಡೆಯ ಮೇಲೆ ಕಣ್ಣಿಗೆ ಹೋಗುವ ನರತಂತುಗಳು ಹಾದುಹೋಗುತ್ತವೆ. ಆದ್ದರಿಂದ ಮಧ್ಯಕಿವಿ ಕೆರಳಿದ ಬೆಕ್ಕಿನಲ್ಲಿ ಅದೇ ಬದಿಯ ಕಣ್ಣಿನ ಪಾಪೆ ಚಿಕ್ಕದಾಗುವುದು, ರೆಪ್ಪೆ ಇಳಿಬೀಳುವುದು, ಕಣ್ಣಿನ ಒಳಮೂಲೆಯಿಂದ ಮೂರನೆಯ ರೆಪ್ಪೆ ಮೇಲೆದ್ದು ಬರುವುದು ಕಾಣಬಹುದು. ಇದಕ್ಕೆ ಹಾರ್ನರ್ ಲಕ್ಷಣಕೂಟ ಎಂದು ಹೆಸರು. ಕಣ್ಣಿನ ಕಾಯಿಲೆ ಎಂದುಕೊಂಡು ಕರೆತಂದ ಬೆಕ್ಕಿನ ತೊಂದರೆ ಕಿವಿಯಲ್ಲಿರುವುದು ಹೀಗೆ.

ನೋವನ್ನು ಗುರುತಿಸುವುದು

ಬೆಕ್ಕು ನೋವನ್ನು ಮುಚ್ಚಿಟ್ಟುಕೊಳ್ಳುವ ಪ್ರಾಣಿ. ತುರಿಕೆಯಿದ್ದರೆ ಕೆರೆದುಕೊಂಡು ತೋರಿಸುತ್ತದೆ, ಆದರೆ ಆಳದ ನೋವಿದ್ದಾಗ ಸುಮ್ಮನಾಗುತ್ತದೆ, ಮರೆಯಲ್ಲಿ ಮಲಗುತ್ತದೆ, ಬಾಯಿ ಅಗಲಿಸಿ ಆಕಳಿಸುವುದನ್ನೇ ಬಿಡುತ್ತದೆ. ದವಡೆಯ ಕೀಲು ಮಧ್ಯಕಿವಿಯ ಗೂಡಿಗೆ ತೀರ ಹತ್ತಿರ ಇರುವುದರಿಂದ ಗಟ್ಟಿ ಆಹಾರವನ್ನು ಅಗಿಯುವಾಗ ನೋವಾಗಿ, ಬಟ್ಟಲಿನ ಬಳಿ ಬಂದು ಒಂದೆರಡು ಕಾಳು ತಿಂದು ಹಿಂದೆ ಸರಿಯುವ ಬೆಕ್ಕನ್ನು ಹಸಿವಿಲ್ಲವೆಂದು ತಿಳಿಯುವುದುಂಟು. ಕೆಲವು ಬೆಕ್ಕುಗಳು ಕಿವಿಯ ಬುಡವನ್ನು ಮುಟ್ಟಿದ ಕೂಡಲೇ ತಲೆಯನ್ನು ಆ ಬದಿಗೆ ವಾಲಿಸಿ ಉಗುರು ತೆಗೆಯುತ್ತವೆ. ಅದನ್ನು ಸಿಟ್ಟು ಎಂದು ತಿಳಿಯಬಾರದು.

2019ರಲ್ಲಿ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಬೆಕ್ಕಿನ ಮುಖಭಾವದಿಂದ ನೋವನ್ನು ಅಳೆಯುವ ಮಾಪಕವೊಂದನ್ನು ಪ್ರಕಟಿಸಿದರು. ಕಿವಿಗಳ ನಿಲುವು, ಕಣ್ಣು ಕಿರಿದಾಗುವಿಕೆ, ಮೂತಿಯ ಬಿಗಿತ, ಮೀಸೆಗಳ ದಿಕ್ಕು ಮತ್ತು ಭುಜಕ್ಕೆ ಹೋಲಿಸಿದಂತೆ ತಲೆಯ ಎತ್ತರ ಎಂಬ 5 ಅಂಶಗಳಿಗೆ ತಲಾ 0, 1 ಅಥವಾ 2 ಅಂಕ ಕೊಡುವ ಪದ್ಧತಿ ಇದು. ಒಟ್ಟು 10ರಲ್ಲಿ 4 ಅಥವಾ ಹೆಚ್ಚು ಬಂದರೆ ನೋವು ನಿವಾರಕದ ಅಗತ್ಯವನ್ನು ವೈದ್ಯರು ಪರಿಗಣಿಸುತ್ತಾರೆ. ಮನೆಯಲ್ಲಿ ಅಂಕ ಹಾಕುವಷ್ಟು ಅಭ್ಯಾಸ ಎಲ್ಲರಿಗೂ ಇರಲಾರದು, ಆದರೆ ಬೆಕ್ಕು ಶಾಂತವಾಗಿ ಎಚ್ಚರವಾಗಿರುವಾಗ ಅದರ ಮುಖದ ಫೋಟೋ ತೆಗೆದಿಟ್ಟುಕೊಳ್ಳುವುದು ಸುಲಭ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಮುದುಡಿದ ಬೆಕ್ಕಿನ ಮುಖಕ್ಕಿಂತ ಮನೆಯಲ್ಲಿ ತೆಗೆದ ಚಿತ್ರ ವೈದ್ಯರಿಗೆ ಹೆಚ್ಚು ಹೇಳುತ್ತದೆ.

ಕಪ್ಪು ಕೊಳೆಯೆಲ್ಲ ನುಸಿಯಲ್ಲ

ಕಿವಿ ತೊಂದರೆಯ ಅತಿ ಪರಿಚಿತ ಕಾರಣ ಒಟೋಡೆಕ್ಟಿಸ್ ಸೈನೋಟಿಸ್ ಎಂಬ ನುಸಿ. ಇದು ಚರ್ಮವನ್ನು ಕೊರೆದು ಒಳಹೋಗುವುದಿಲ್ಲ. ಮೇಲ್ಮೈಯಲ್ಲೇ ಓಡಾಡುತ್ತ ಉದುರಿದ ಚರ್ಮವನ್ನೂ ಒಸರಿದ ದ್ರವವನ್ನೂ ತಿಂದು ಬದುಕುತ್ತದೆ. ಕಾಫಿಪುಡಿಯ ಗಸಿಯನ್ನು ಹೋಲುವ ಒಣ ಕಪ್ಪು ಪುಡಿ ಇದರ ಗುರುತು. ಕಿವಿಯ ಬಾಯಿಯಿಂದ ಸ್ವಲ್ಪ ಕೊಳೆಯನ್ನು ಹತ್ತಿಯಲ್ಲಿ ತೆಗೆದು ಕಪ್ಪು ಕಾಗದದ ಮೇಲೆ ಉದುರಿಸಿ, ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ತಾಳ್ಮೆಯಿಂದ ನೋಡಿದರೆ ಬಿಳಿ ಚುಕ್ಕೆಗಳು ನಿಧಾನವಾಗಿ ಸರಿದಾಡುವುದು ಕಾಣಬಹುದು. ಕಾಣದಿದ್ದರೆ ನುಸಿ ಇಲ್ಲವೆಂದು ಅರ್ಥವಲ್ಲ. ಕೆಲವು ಬೆಕ್ಕುಗಳಿಗೆ ನುಸಿಯ ಅಲರ್ಜಿ ಇದ್ದು, ಬೆರಳೆಣಿಕೆಯ ನುಸಿಗಳೇ ರಕ್ತ ಬರುವಷ್ಟು ತುರಿಕೆ ತರಬಲ್ಲವು.

ನುಸಿ ಮರುಕಳಿಸುವುದಕ್ಕೆ ಸ್ಪಷ್ಟವಾದ ಲೆಕ್ಕವಿದೆ. ಮೊಟ್ಟೆಯಿಂದ ಬೆಳೆದ ನುಸಿಯಾಗಲು ಸುಮಾರು 3 ವಾರ ಬೇಕು. ಕಿವಿಗೆ ಹಾಕುವ ಹಳೆಯ ಬಗೆಯ ಔಷಧಿಗಳು ಮೊಟ್ಟೆಯನ್ನು ಕೊಲ್ಲುವುದು ಕಷ್ಟ. ವಾರದಲ್ಲೇ ನಿಲ್ಲಿಸಿದರೆ ಆಮೇಲೆ ಒಡೆದ ಮೊಟ್ಟೆಗಳಿಂದ ಹೊಸ ಪೀಳಿಗೆ ಏಳುತ್ತದೆ. ಜೊತೆಗೆ ನುಸಿಗಳು ಕುತ್ತಿಗೆ ಮತ್ತು ಬಾಲದ ತುಪ್ಪಳದಲ್ಲೂ ಅಡಗಿರಬಹುದು, ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಮೈ ತಾಗಿದರೆ ಸಾಕು ಹರಡುತ್ತವೆ. ಕೆರೆದುಕೊಳ್ಳದ ಇನ್ನೊಂದು ಬೆಕ್ಕಿಗೂ ಮನೆಯ ನಾಯಿಗೂ ಒಟ್ಟಿಗೇ ಚಿಕಿತ್ಸೆ ಆಗದಿದ್ದರೆ ವಾಸಿಯಾದ ಬೆಕ್ಕಿಗೆ ಅವುಗಳಿಂದಲೇ ಮತ್ತೆ ಅಂಟುತ್ತದೆ. ಸೆಲಮೆಕ್ಟಿನ್, ಮಾಕ್ಸಿಡೆಕ್ಟಿನ್‌ನಂಥ ಔಷಧಿಗಳನ್ನು ಹೆಗಲ ನಡುವಿನ ಚರ್ಮದ ಮೇಲೆ ಹಾಕುವ ವಿಧಾನ ಇಂದು ಹೆಚ್ಚು ಬಳಕೆಯಲ್ಲಿದೆ. ನೋಯುವ ಕಿವಿಯನ್ನು ದಿನದಿನವೂ ಮುಟ್ಟಬೇಕಾಗಿಲ್ಲದ ಕಾರಣ ಬೆಕ್ಕಿಗೂ ಮನೆಯವರಿಗೂ ಇದೇ ಸಮಾಧಾನದ ದಾರಿ. ಆದರೆ ನಾಯಿಗೆಂದು ಮಾರುವ ಪರ್ಮೆಥ್ರಿನ್ ಇರುವ ಔಷಧಿಯನ್ನು ಬೆಕ್ಕಿಗೆ ಎಂದಿಗೂ ಹಾಕಬಾರದು. ಅದು ಬೆಕ್ಕಿನ ನರಗಳಿಗೆ ವಿಷ. ನಡುಕ, ಸೆಳವು ಬಂದು ಸಾಯಬಹುದು.

ನನ್ನ ದೃಷ್ಟಿಯಲ್ಲಿ, ಕಿವಿನೋವು ವರ್ಷಗಟ್ಟಲೆ ಎಳೆಯುವುದಕ್ಕೆ ಕಪ್ಪು ಕೊಳೆ ಕಂಡ ತಕ್ಷಣ ನುಸಿಯೆಂದು ತೀರ್ಮಾನಿಸಿಬಿಡುವಷ್ಟು ದೊಡ್ಡ ಕಾರಣ ಬೇರೊಂದಿಲ್ಲ. ನುಸಿ ಹೆಚ್ಚಾಗಿ ಕಾಡುವುದು ಮರಿಗಳನ್ನೂ ಹೊರಗೆ ತಿರುಗುವ ಬೆಕ್ಕುಗಳನ್ನೂ. ಮನೆಯೊಳಗೇ ಇರುವ, ಬೇರೆ ಪ್ರಾಣಿಗಳ ಸಂಪರ್ಕವಿಲ್ಲದ ಎಂಟು ವರ್ಷದ ಬೆಕ್ಕಿನ ಕಿವಿಯಲ್ಲಿ ಕಂದು ಗುಗ್ಗೆ ತುಂಬಿದ್ದರೆ ಅದು ಯೀಸ್ಟ್ ಇರಬಹುದು, ಅಲರ್ಜಿ ಇರಬಹುದು, ಗುಗ್ಗೆಯ ಗ್ರಂಥಿಗಳು ಊದಿ ಆದ ನೀಲಿಗಪ್ಪು ಬಣ್ಣದ ಚಿಕ್ಕ ಚಿಕ್ಕ ನೀರ್ಗುಳ್ಳೆಗಳಿರಬಹುದು. ಈ ಗುಳ್ಳೆಗಳು ಕ್ಯಾನ್ಸರ್ ಅಲ್ಲದಿದ್ದರೂ ನಾಳವನ್ನು ಮುಚ್ಚಿ ಸೋಂಕನ್ನು ಕರೆಯುತ್ತವೆ. ಲೇಸರ್‌ನಿಂದ ಅವನ್ನು ತೆಗೆಯುವುದುಂಟು. ವಯಸ್ಸಾದ ಬೆಕ್ಕಿನ ಒಂದೇ ಕಿವಿಯಿಂದ ರಕ್ತ ಬೆರೆತ ದ್ರವ ಬರುತ್ತಿದ್ದರೆ ಗೆಡ್ಡೆಯ ಸಾಧ್ಯತೆಯನ್ನೂ ಬೇಗ ಪರೀಕ್ಷಿಸಬೇಕು.

ಒಂದೇ ಕಿವಿಯೋ ಎರಡೂ ಕಿವಿಯೋ ಎಂಬ ಸರಳ ಪ್ರಶ್ನೆ ಇಲ್ಲಿ ಬಹಳ ಉಪಯುಕ್ತ. ನುಸಿ ಮತ್ತು ಅಲರ್ಜಿ ಸಾಮಾನ್ಯವಾಗಿ ಎರಡೂ ಕಿವಿಗಳನ್ನು ಕಾಡುತ್ತವೆ. ಪ್ರತಿ ಸಲವೂ ಅದೇ ಒಂದು ಕಿವಿ ನೋಯುತ್ತಿದ್ದರೆ ಅಲ್ಲಿ ಏನೋ ಕುಳಿತಿದೆ ಎಂದು ಸಂದೇಹಿಸಬೇಕು: ಹೊರಗಿನ ವಸ್ತು, ಗೆಡ್ಡೆ, ಅಥವಾ ಎಳೆಯ ಬೆಕ್ಕಾದರೆ ಪಾಲಿಪ್. ಪಾಲಿಪ್ ಎಂದರೆ ಮಧ್ಯಕಿವಿಯ ಅಥವಾ ಕಿವಿಯನ್ನು ಗಂಟಲಿಗೆ ಜೋಡಿಸುವ ನಳಿಕೆಯ ಒಳಪದರದಿಂದ ತೊಟ್ಟಿನ ಮೇಲೆ ಬೆಳೆಯುವ, ಕ್ಯಾನ್ಸರ್ ಅಲ್ಲದ ನುಣುಪಾದ ಮಾಂಸದ ಗಂಟು. ಒಮ್ಮೆ ತಮಟೆಯನ್ನು ಸೀಳಿಕೊಂಡು ಕಿವಿಯ ನಾಳಕ್ಕೆ ಬರುತ್ತದೆ, ಇನ್ನೊಮ್ಮೆ ಗಂಟಲಿನ ಮೇಲ್ಭಾಗಕ್ಕೆ ಇಳಿಯುತ್ತದೆ. ಆಗ ಎಳೆಯ ಬೆಕ್ಕು ಉಸಿರಾಡುವಾಗ ಗೊರಗೊರ ಸದ್ದು ಮಾಡುತ್ತದೆ, ಮೂಗು ಸೋರುತ್ತದೆ, ನುಂಗಲು ಕಷ್ಟಪಡುತ್ತದೆ. ಕಿವಿನೋವಿನ ಜೊತೆ ಗೊರಕೆಯೂ ಇದ್ದರೆ ಅದನ್ನು ವೈದ್ಯರಿಗೆ ಬಿಡದೆ ಹೇಳಬೇಕು. ಎರಡಕ್ಕೂ ಸಂಬಂಧವಿಲ್ಲವೆಂದು ಹೇಳದೆ ಉಳಿದರೆ ಮುಖ್ಯ ಸುಳಿವೇ ಕೈತಪ್ಪುತ್ತದೆ.

ಅಲರ್ಜಿಯ ವಿಷಯಕ್ಕೆ ತಾಳ್ಮೆ ಬೇಕು. ಚಿಗಟ, ಆಹಾರದ ಪ್ರೋಟೀನ್, ಧೂಳಿನ ನುಸಿ, ಪರಾಗ ಇವುಗಳ ಅಲರ್ಜಿ ಬೆಕ್ಕುಗಳಲ್ಲಿ ಬಹಳ ಸಲ ತಲೆ ಮತ್ತು ಕುತ್ತಿಗೆಯ ತುರಿಕೆಯಾಗಿ ಕಾಣಿಸಿಕೊಳ್ಳುತ್ತದೆ. ಆಹಾರದ ಅಲರ್ಜಿಯನ್ನು ರಕ್ತಪರೀಕ್ಷೆಯಿಂದ ಖಚಿತಪಡಿಸಲು ಆಗುವುದಿಲ್ಲ. ಬೆಕ್ಕು ಹಿಂದೆಂದೂ ತಿನ್ನದ ಪ್ರೋಟೀನ್ ಅಥವಾ ಸಣ್ಣ ತುಣುಕುಗಳಾಗಿ ಒಡೆದ ಪ್ರೋಟೀನ್ ಇರುವ ಆಹಾರವನ್ನಷ್ಟೇ ಕನಿಷ್ಠ 8 ವಾರ ಕೊಟ್ಟು, ತುರಿಕೆ ಇಳಿದರೆ ಹಳೆಯ ಆಹಾರವನ್ನು ಮತ್ತೆ ಕೊಟ್ಟು ತುರಿಕೆ ಮರಳುತ್ತದೆಯೇ ಎಂದು ನೋಡುವುದೊಂದೇ ನಂಬಬಹುದಾದ ದಾರಿ. ನಡುವೆ ಯಾರಾದರೂ ಪ್ರೀತಿಯಿಂದ ಕೊಟ್ಟ ಒಂದು ತುತ್ತು ಇಡೀ ಪರೀಕ್ಷೆಯನ್ನು ಕೆಡಿಸಬಲ್ಲದು.

ಕಿವಿಯದೆಂದು ಕಂಡ ನೋವು ಕಿವಿಯದಲ್ಲದೆಯೂ ಇರಬಹುದು. ಬೆಕ್ಕುಗಳ ಕಾದಾಟದಲ್ಲಿ ಕಿವಿಯ ಬುಡಕ್ಕೆ ಬಿದ್ದ ಕಡಿತದ ಗಾಯ ಮೇಲೆ ಮುಚ್ಚಿಕೊಂಡು ಒಳಗೆ ಕೀವುಗಟ್ಟುತ್ತದೆ. ಹಿಂದಿನ ಹಲ್ಲುಗಳು ಬುಡದಿಂದ ಸವೆಯುವ ಕಾಯಿಲೆ ಬೆಕ್ಕುಗಳಲ್ಲಿ ಸಾಮಾನ್ಯವಾಗಿದ್ದು, ಅದರ ನೋವಿಗೂ ಬೆಕ್ಕು ಕೆನ್ನೆ ಮತ್ತು ಕಿವಿಯನ್ನು ಪಂಜದಿಂದ ಉಜ್ಜುತ್ತದೆ. ಕಿವಿ ಶುಭ್ರವಾಗಿದ್ದೂ ನೋವು ಮರುಕಳಿಸಿದರೆ ಬಾಯಿಯನ್ನು ನೋಡಿಸಬೇಕು.

ವೈದ್ಯರ ಬಳಿ ಕೇಳಬೇಕಾದದ್ದು

ಮರುಕಳಿಸುವ ಕಿವಿನೋವಿಗೆ ಅತ್ಯಂತ ಬೆಲೆಯುಳ್ಳ ಪರೀಕ್ಷೆ ಅತ್ಯಂತ ಸರಳವಾದದ್ದೂ ಹೌದು. ಎರಡೂ ಕಿವಿಗಳಿಂದ ಬೇರೆ ಬೇರೆಯಾಗಿ ಹತ್ತಿಯಲ್ಲಿ ಕೊಳೆ ತೆಗೆದು, ಗಾಜಿನ ಪಟ್ಟಿಯ ಮೇಲೆ ಉರುಳಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಆ ಪರೀಕ್ಷೆ. ಯೀಸ್ಟ್ ಇದೆಯೇ, ಗುಂಡು ಬ್ಯಾಕ್ಟೀರಿಯಾವೇ, ಕಡ್ಡಿಯಾಕಾರದವೇ, ಬಿಳಿ ರಕ್ತಕಣಗಳು ಬಂದಿವೆಯೇ ಎಂಬುದು ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ಯೀಸ್ಟ್ ಮಾತ್ರ ಇರುವ ಕಿವಿಗೆ ಆ್ಯಂಟಿಬಯೋಟಿಕ್ ಹಾಕಿ ಪ್ರಯೋಜನವಿಲ್ಲ. ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಬಿಳಿ ಕಣಗಳ ಜೊತೆ ಕಂಡರೆ, ಅದರಲ್ಲೂ ಹಿಂದೆ ಹಲವು ಔಷಧಿಗಳು ಸೋತಿದ್ದರೆ, ಕಲ್ಚರ್ ಮಾಡಿಸಿ, ಅಂದರೆ ಪ್ರಯೋಗಾಲಯದಲ್ಲಿ ಅವನ್ನು ಬೆಳೆಸಿ ನೋಡಿ, ಯಾವ ಆ್ಯಂಟಿಬಯೋಟಿಕ್‌ಗೆ ಅವು ಬಗ್ಗುತ್ತವೆ ಎಂದು ತಿಳಿಯಬೇಕಾಗುತ್ತದೆ. ಪ್ರತಿ ಸಲ ಕಿವಿ ಕೆಟ್ಟಾಗಲೂ ಈ ಪರೀಕ್ಷೆಯಾಗಬೇಕು, ಔಷಧಿ ಮುಗಿದ ಮೇಲೆ ಇನ್ನೊಮ್ಮೆ ಆಗಬೇಕು. ವಾಸನೆ ಹೋಯಿತು, ಕೆರೆತ ನಿಂತಿತು ಎಂಬುದು ಗುಣವಾದದ್ದರ ಪುರಾವೆಯಲ್ಲ.

ತಮಟೆ ಹರಿದಿದೆಯೇ ಎಂದು ಒಟೋಸ್ಕೋಪ್‌ನಲ್ಲಿ ನೋಡುವುದು ಇದರಷ್ಟೇ ಮುಖ್ಯ. ನೋವಿರುವ ಬೆಕ್ಕು ಎಚ್ಚರವಿದ್ದಾಗ ಈ ಪರೀಕ್ಷೆಗೆ ಬಿಡುವುದಿಲ್ಲ, ಬಿಟ್ಟರೂ ಕೊಳೆ ತುಂಬಿದ ನಾಳದಲ್ಲಿ ತಮಟೆ ಕಾಣುವುದಿಲ್ಲ. ಅರಿವಳಿಕೆ ಕೊಟ್ಟು ಕಿವಿ ತೊಳೆದು ನೋಡೋಣ ಎಂದು ವೈದ್ಯರು ಹೇಳಿದಾಗ ಹಲವರು ಹಿಂಜರಿಯುತ್ತಾರೆ. ಬೆಕ್ಕಿನ ವಯಸ್ಸು, ಹೃದಯ, ಮೂತ್ರಪಿಂಡಗಳ ಸ್ಥಿತಿ ನೋಡಿ ನಿರ್ಧರಿಸಬೇಕಾದ ವಿಷಯ ಅದು, ನಿಜ. ಆದರೂ ವರ್ಷದಲ್ಲಿ ನಾಲ್ಕು ಸಲ ಕುರುಡಾಗಿ ಡ್ರಾಪ್ಸ್ ಹಾಕುವುದಕ್ಕಿಂತ ಒಮ್ಮೆ ಸರಿಯಾಗಿ ನೋಡುವುದೇ ಬೆಕ್ಕಿಗೆ ಕಡಿಮೆ ಹಿಂಸೆ. ಮಧ್ಯಕಿವಿಯ ಸಂದೇಹವಿದ್ದರೆ ಸಿಟಿ ಸ್ಕ್ಯಾನ್ ಅಥವಾ ಎಂಆರ್‌ಐ ಬೇಕಾಗುತ್ತದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಆರಂಭದ ತೊಂದರೆ ತಪ್ಪಿಹೋಗಬಹುದು.

ತಮಟೆಯ ಸ್ಥಿತಿ ಏಕೆ ಇಷ್ಟು ಮುಖ್ಯವೆಂದರೆ, ಹರಿದ ತಮಟೆಯ ಮೂಲಕ ಒಳಕಿವಿಗೆ ಇಳಿದರೆ ಜೆಂಟಾಮೈಸಿನ್, ನಿಯೋಮೈಸಿನ್‌ನಂಥ ಆ್ಯಂಟಿಬಯೋಟಿಕ್‌ಗಳೂ ಕ್ಲೋರ್‌ಹೆಕ್ಸಿಡಿನ್‌ನಂಥ ಕ್ರಿಮಿನಾಶಕಗಳೂ ಕಿವುಡು ತರಬಲ್ಲವು, ಬೆಕ್ಕಿನ ಸಮತೋಲನ ಕೆಡಿಸಬಲ್ಲವು. ಬೆಕ್ಕುಗಳು ಈ ವಿಷಯದಲ್ಲಿ ಸೂಕ್ಷ್ಮ. ಹಳೆಯ ಬಾಟಲಿಯನ್ನು, ಇನ್ನೊಂದು ಪ್ರಾಣಿಗೆ ಬರೆದ ಔಷಧಿಯನ್ನು, ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಟೀ ಟ್ರೀ ಎಣ್ಣೆಯನ್ನು ಬೆಕ್ಕಿನ ಕಿವಿಗೆ ಹಾಕಬಾರದು ಎನ್ನುವುದು ಈ ಕಾರಣಕ್ಕೆ; ಟೀ ಟ್ರೀ ಎಣ್ಣೆ ಮೈಗೆ ಹತ್ತಿದರೂ ಬೆಕ್ಕಿಗೆ ವಿಷವಾಗುತ್ತದೆ. ನೋವಿಗೆಂದು ಮನುಷ್ಯರ ಮಾತ್ರೆ ಕೊಡುವುದಂತೂ ಪ್ರಾಣಕ್ಕೇ ಸಂಚಕಾರ. ಪ್ಯಾರಸಿಟಮಾಲ್ ಅನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲದಿರುವುದರಿಂದ ರಕ್ತ ಆಮ್ಲಜನಕ ಒಯ್ಯಲಾರದಂತಾಗುತ್ತದೆ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಬೆಕ್ಕಿಗೆ ಹೊಂದುವ ನೋವು ನಿವಾರಕಗಳಿವೆ, ವೈದ್ಯರು ತೂಕ ನೋಡಿ ಕೊಡುತ್ತಾರೆ. ಅವರು ತಾವಾಗಿ ಹೇಳದಿದ್ದರೆ ಕೇಳಬೇಕು, ಏಕೆಂದರೆ ಸೋಂಕಿನ ಔಷಧಿ ಫಲ ಕೊಡುವವರೆಗೆ ಬೆಕ್ಕು ನೋವು ತಿನ್ನುತ್ತಲೇ ಇರುತ್ತದೆ.

ಡ್ರಾಪ್ಸ್ ಹಾಕುವಾಗ ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ತಣ್ಣಗಿರದಂತೆ ಮಾಡಿಕೊಳ್ಳಬೇಕು. ಬೆಕ್ಕಿನ ಬೆನ್ನು ನಮ್ಮ ಕಡೆಗಿರುವಂತೆ ಕೂರಿಸಿಕೊಂಡು, ಹಾಲೆಯನ್ನು ಮೆಲ್ಲಗೆ ಮೇಲಕ್ಕೆತ್ತಿ, ಬಾಟಲಿಯ ಮೂತಿ ನಾಳದ ಗೋಡೆಗೆ ತಾಗದಂತೆ ಹನಿ ಬಿಟ್ಟು, ಕಿವಿಯ ಬುಡದ ಮೆತ್ತನೆಯ ಭಾಗವನ್ನು ಒತ್ತಿ ತಿಕ್ಕಿದರೆ ಒಳಗೆ ಪಚಪಚ ಸದ್ದು ಕೇಳುತ್ತದೆ. ಔಷಧಿ ಇಳಿಯುತ್ತಿದೆ ಎಂಬುದಕ್ಕೆ ಅದೇ ಗುರುತು. ಆಮೇಲೆ ಬೆಕ್ಕು ತಲೆ ಕೊಡವಿದರೆ ಕೊಡವಲಿ. ತಿಕ್ಕುವುದಕ್ಕೇ ಬಿಡದಷ್ಟು ನೋವಿದ್ದರೆ ಹಟ ಹಿಡಿಯದೆ ವೈದ್ಯರಿಗೆ ತಿಳಿಸಬೇಕು. ಬಾಯಿಯ ಮೂಲಕ ಕೊಡುವ ಸ್ಟೆರಾಯ್ಡ್‌ನಿಂದ ಊತ ಇಳಿಸಿ ಆಮೇಲೆ ಹನಿ ಆರಂಭಿಸುವುದುಂಟು, ಆಸ್ಪತ್ರೆಯಲ್ಲೇ ಒಮ್ಮೆ ತುಂಬಿ ವಾರಗಟ್ಟಲೆ ನಿಲ್ಲುವ ಔಷಧಿಗಳೂ ಇವೆ.

ಕೆಲವು ಲಕ್ಷಣಗಳು ಕಂಡರೆ ಮರುದಿನಕ್ಕೆ ಕಾಯಬಾರದು: ತಲೆ ಒಂದು ಬದಿಗೆ ವಾಲಿಯೇ ಇರುವುದು, ಸುತ್ತುತ್ತ ನಡೆಯುವುದು ಅಥವಾ ಬೀಳುವುದು, ಕಣ್ಣುಗುಡ್ಡೆಗಳು ತಾವಾಗಿ ಅತ್ತಿತ್ತ ಎಗರುವುದು, ಮುಖದ ಒಂದು ಬದಿ ಜೋತುಬೀಳುವುದು. ಸೋಂಕು ಒಳಕಿವಿಗೋ ಮುಖದ ನರಕ್ಕೋ ತಲುಪಿದ ಸೂಚನೆ ಇದು. ತಲೆ ಕೊಡವಿ ಕೊಡವಿ ಹಾಲೆಯೊಳಗೆ ರಕ್ತ ತುಂಬಿ ದಿಂಬಿನಂತೆ ಉಬ್ಬಿದರೂ ಬೇಗ ತೋರಿಸಬೇಕು, ಇಲ್ಲದಿದ್ದರೆ ಹಾಲೆ ಮುದುಡಿ ಶಾಶ್ವತವಾಗಿ ಆಕಾರ ಕೆಡುತ್ತದೆ. ನೋವಿನಿಂದ ಬೆಕ್ಕು ಒಂದು ಇಡೀ ದಿನ ಏನೂ ತಿನ್ನದಿದ್ದರೆ ಅದೂ ತುರ್ತಿನ ವಿಷಯವೇ, ಏಕೆಂದರೆ ಉಪವಾಸವಿದ್ದ ಬೆಕ್ಕಿನ, ವಿಶೇಷವಾಗಿ ದಪ್ಪ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಾಪಾಯವಾಗಬಹುದು.

ಇಷ್ಟೆಲ್ಲ ಮಾಡಿದರೂ ಕೆಲವು ಕಿವಿಗಳಿಗೆ ಶಸ್ತ್ರಚಿಕಿತ್ಸೆಯೇ ಉಳಿಯುತ್ತದೆ. ಪಾಲಿಪ್ ಅನ್ನು ಅರಿವಳಿಕೆಯಲ್ಲಿ ಹಿಡಿದು ಎಳೆದು ತೆಗೆಯುವುದು ಸರಳ ವಿಧಾನ, ಆದರೆ ಬುಡದ ಚೂರು ಉಳಿದರೆ ಮತ್ತೆ ಬೆಳೆಯುತ್ತದೆ. ಮಧ್ಯಕಿವಿಯ ಮೂಳೆಗೂಡನ್ನು ಕೆಳಗಿನಿಂದ ತೆರೆದು ಎರಡೂ ಕೋಣೆಗಳನ್ನು ಶುಚಿ ಮಾಡಿದರೆ ಮರುಕಳಿಸುವುದು ಬಹಳ ಕಡಿಮೆ. ವರ್ಷಗಳ ಊತದಿಂದ ನಾಳವೇ ದಪ್ಪಗಾಗಿ ಗಟ್ಟಿಯಾಗಿ ಮುಚ್ಚಿಹೋಗಿದ್ದರೆ, ಅಥವಾ ನಾಳದಲ್ಲಿ ಕ್ಯಾನ್ಸರ್ ಇದ್ದರೆ, ಇಡೀ ನಾಳವನ್ನು ತೆಗೆದು ಮೂಳೆಗೂಡನ್ನು ಬರಿದು ಮಾಡುತ್ತಾರೆ. ಆ ಕಿವಿಯ ಕೇಳುವಿಕೆ ಬಹುಮಟ್ಟಿಗೆ ಹೋಗುತ್ತದೆ, ಹಾಲೆ ಮಾತ್ರ ಉಳಿಯುತ್ತದೆ. ಇಂಥ ಶಸ್ತ್ರಚಿಕಿತ್ಸೆಗಳ ನಂತರ ಹಾರ್ನರ್ ಲಕ್ಷಣಗಳು ಕಾಣುವುದು ಸಾಮಾನ್ಯ, ಹೆಚ್ಚಿನ ಬೆಕ್ಕುಗಳಲ್ಲಿ ಕೆಲವು ವಾರಗಳಲ್ಲಿ ಅವು ತಾವಾಗಿ ಇಳಿಯುತ್ತವೆ. ಮುಖದ ನರಕ್ಕೆ ಪೆಟ್ಟಾಗಿ ರೆಪ್ಪೆ ಮುಚ್ಚದಂತಾದರೆ, ಅದು ಸರಿಹೋಗುವವರೆಗೆ ಕಣ್ಣು ಒಣಗದಂತೆ ದಿನಕ್ಕೆ ಹಲವು ಸಲ ಮುಲಾಮು ಹಚ್ಚುತ್ತಿರಬೇಕಾಗುತ್ತದೆ.